ಒಂದಿಂಚು ರಬ್ಬರು

ಗಾಜು ಬೆಚ್ಚಗಿರುತ್ತಿತ್ತು, ಅವಳ ಕಾಲು ತಣ್ಣಗಿರುತ್ತಿತ್ತು. ಆ ಚಳಿಗಾಲವನ್ನು ನೆನೆದರೆ ಇದೇ ಮೊದಲು ಕಣ್ಣ ಮುಂದೆ ಬರುತ್ತದೆ. ಬೆಟ್ಟದ ಏರು ಶುರುವಾದ ಕೂಡಲೇ ಕಾರಿನ ಹೀಟರು ಕಾಲಿನ ಕಡೆ ಊದುವುದನ್ನು ಬಿಟ್ಟು, ಬಿಸಿಗಾಳಿಯನ್ನೆಲ್ಲ ಮುಂದಿನ ಗಾಜಿಗೆ ಸುರಿಯುತ್ತಿತ್ತು. ಪಕ್ಕದಲ್ಲಿ ನನ್ನ ಹೆಂಡತಿ ಸಿದ್ದಮ್ಮ ಎರಡು ಜೊತೆ ಉಣ್ಣೆಯ ಕಾಲುಚೀಲದೊಳಗೆ ಬೆರಳು ಮುದುಡಿಕೊಂಡು, ಏನೂ ಆಗಿಲ್ಲವೆಂಬಂತೆ ಹೊರಗೆ ನೋಡುತ್ತಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಗುತ್ತಿತ್ತು.

ಅವಳ ಕಾಲ್ಬೆರಳುಗಳಿಗೆ ರಕ್ತ ಸರಿಯಾಗಿ ಹರಿಯುತ್ತಿರಲಿಲ್ಲ. ಚಳಿ ತಾಗಿದರೆ ನೀಲಿಗಟ್ಟುತ್ತಿದ್ದವು. ವಾರಕ್ಕೊಮ್ಮೆ ಬೆಟ್ಟದ ಮೇಲಿನ ಆಸ್ಪತ್ರೆಗೆ ಹೋಗಲೇಬೇಕಿತ್ತು. ಅಲ್ಲಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ದಾರೀಲಿ ಕಾಲು ಬೆಚ್ಚಗಿರಬೇಕು ಮೇಷ್ಟ್ರೇ. ಇನ್ನೊಂದು ಸಲ ಹೀಗೆ ಮರಗಟ್ಟಿದ್ರೆ ಬೆರಳು ಉಳಿಯೋದಿಲ್ಲ" ಎಂದಿದ್ದರು. ಹೀಟರಿರುವ ಹಳೆಯ ಕಾರನ್ನು ಹುಡುಕಿ ಹುಡುಕಿ ಕೊಂಡದ್ದೇ ಅದಕ್ಕಾಗಿ.

ಆ ಕಾರನ್ನು ಬಲ್ಲ ಮೆಕ್ಯಾನಿಕ್ ಎಂದರೆ ಊರಿಗೆಲ್ಲ ನಾಗಭೂಷಣ ಒಬ್ಬರೇ. ಮೊದಲ ಸಲ ಅವರ ಕೆಲಸ ನೋಡಿ ಬೆರಗಾಗಿದ್ದೆ. ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಸಣ್ಣದೊಂದು ರಬ್ಬರ್ ಪೈಪು ಹೋಗುತ್ತದೆ. ಎಂಜಿನ್ನು ಅದರಲ್ಲಿನ ಗಾಳಿಯನ್ನು ಹೀರಿಕೊಂಡರೆ ಒಳಗಿನ ಪುಟ್ಟ ಬಾಗಿಲು ಕಾಲಿನ ಕಡೆ ತೆರೆಯುತ್ತದೆ. ಎಲ್ಲಾದರೂ ಸೋರಿದರೆ ಬಾಗಿಲು ಮುಚ್ಚಿಕೊಂಡು ಬಿಸಿಯೆಲ್ಲ ಗಾಜಿನ ಪಾಲು. ನಾಗಭೂಷಣ ಪೈಪಿನ ತುದಿಯನ್ನು ಕಳಚಿ, ಬಾಯಿಗಿಟ್ಟು ಎಳೆದು, ನಾಲಿಗೆಯಿಂದ ಮುಚ್ಚಿ ಹಿಡಿದರು. "ನಾಲಿಗೇನ ಕಚ್ಚಿ ಹಿಡಿದ್ರೆ ಪೈಪು ಸರಿ ಇದೆ ಅಂತ. ಬಿಟ್ರೆ ಸೋರ್ತಿದೆ ಅಂತ" ಎಂದು ನಕ್ಕರು. ಎಲ್ಲ ಸರಿಯಾಗಿತ್ತು. ಹೊರಡುವಾಗ, "ಮನೆ ಯಾವ ಕಡೆ ಮೇಷ್ಟ್ರೇ?" ಎಂದು ಕೇಳಿದರು. ನಮ್ಮ ಕೇರಿಯ ಹೆಸರು ಹೇಳಿದೆ. ಊರಿನವರು ನಮ್ಮ ಕೈಯ ನೀರು ಕುಡಿಯದ ಕೇರಿ ಅದು. "ಓಹೋ, ಸರಿ ಸರಿ" ಎಂದವರೇ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು. ರಬ್ಬರಿನ ವಾಸನೆ ಇರಬೇಕು ಎಂದುಕೊಂಡೆ.

ಚಳಿ ಬೀಳುವ ಮುಂಚೆ ಇನ್ನೊಮ್ಮೆ ತೋರಿಸಿಬಿಡೋಣ ಎಂದು ಹೋದದ್ದೇ ನನ್ನ ತಪ್ಪು. ನೆಟ್ಟಗಿದ್ದದ್ದನ್ನು ಕೊಂಡೊಯ್ದು ಕೆಡಿಸಿಕೊಂಡೆ. "ಈ ಸಲ ನೀವೇ ಎಳೀರಿ ಮೇಷ್ಟ್ರೇ, ನಾನು ಒಳಗೆ ಬಾಗಿಲು ನೋಡ್ತೀನಿ" ಎಂದರು. ಎಳೆದೆ. ನಾಲಿಗೆಯನ್ನು ಗಟ್ಟಿಯಾಗಿ ಹಿಡಿಯಿತು. ಆದರೂ ಅವರು ಬಂದು ಪೈಪನ್ನು ಇಕ್ಕಳದಲ್ಲಿ ಹಿಡಿದು, ತುದಿಯಿಂದ ಒಂದಿಂಚನ್ನು ಬ್ಲೇಡಿನಲ್ಲಿ ಕತ್ತರಿಸಿ ಎಸೆದರು. "ತುದಿ ಒಣಗಿದೆ. ಕತ್ತರಿಸಿದ್ರೆ ಬಿಗಿಯಾಗಿ ಕೂರುತ್ತೆ" ಎಂದರು.

ಅಲ್ಲಿಂದ ಶುರುವಾಯಿತು ರಗಳೆ. ಸಮತಟ್ಟಿನಲ್ಲಿ ಕಾಲಿಗೆ ಬರುವ ಬಿಸಿ ಏರಿನಲ್ಲಿ ಗಾಜಿಗೆ ಹೋಗುತ್ತಿತ್ತು. ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದರೆ ಸಂಭಾವಿತನಂತೆ ನಡೆಯುತ್ತಿತ್ತು.

"ನೋಡಿ, ಹೇಗೆ ಹೊಡೀತಿದೆ ಬಿಸಿ!"

"ಇಲ್ಲಿ ಹೊಡೆಯುತ್ತೆ ಸ್ವಾಮಿ. ಏರಿನಲ್ಲಿ ಬರೋಲ್ಲ. ಒಂದ್ಸಲ ನನ್ನ ಜೊತೆ ಕೂತು ಬಂದು ನೋಡಿ."

"ಏರಾದ್ರೇನು, ಸಮ ಆದ್ರೇನು ಮೇಷ್ಟ್ರೇ? ಅದೇ ಎಂಜಿನ್ ತಾನೇ?"

ಕಾರಿನಲ್ಲಿ ನನ್ನ ಪಕ್ಕ ಅವರು ಕೂರಲೇ ಇಲ್ಲ. ಗುಂಡಿ ಬದಲಾಯಿಸಿದರು, ಬಾಗಿಲು ಎಳೆಯುವ ಡಬ್ಬಿ ಬದಲಾಯಿಸಿದರು. ಪ್ರತಿ ಸಲವೂ ನಾನು ಬಾಯಿಂದ ಎಳೆಯುವುದು, ಅವರು ಒಂದಿಂಚು ಕತ್ತರಿಸುವುದು. ನಾಲ್ಕನೆಯ ಸಲ ಆ ತುಂಡನ್ನು ನೆಲದಿಂದ ಎತ್ತಿಕೊಂಡೆ. ಒಣಗಿದ ರಬ್ಬರು ಮಡಿಸಿದರೆ ಬಿರಿಯಬೇಕು. ಇದು ಮೆತ್ತಗೆ ಬಾಗಿತು. ಅದರ ಮೇಲೆ ನನ್ನ ಎಂಜಲು ಇನ್ನೂ ಆರಿರಲಿಲ್ಲ.

ನನಗೆ ಎಲ್ಲ ತಿಳಿಯಿತು. ತಿಳಿದೂ ಬಾಯಿ ಮುಚ್ಚಿಕೊಂಡೆ. ಇವರೂ ಬರಬೇಡ ಎಂದರೆ ಈ ಕಾರನ್ನು ಮುಟ್ಟುವವರು ಯಾರು ಎಂಬ ಹೆದರಿಕೆ. ಅವಮಾನ ನುಂಗುವುದು ಹೊಸದೇನಲ್ಲವಲ್ಲ, ಇನ್ನೊಂದು ಗುಟುಕು ಎಂದುಕೊಂಡೆ. ಇಂಚಿಗೆ ಇಂಚು ಕೂಡಿ ಏನಾಗುತ್ತಿದೆ ಎಂದು ಯೋಚಿಸಲಿಲ್ಲ. ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ.

ಮುಂದಿನ ವಾರ ಮಂಜು ದಟ್ಟವಾಗಿತ್ತು. ಅರ್ಧ ಏರಿನಲ್ಲಿ ಸಿದ್ದಮ್ಮ, "ರೀ, ಬೆರಳು ಇರೋದೇ ಗೊತ್ತಾಗ್ತಿಲ್ಲ" ಎಂದಳು. ಕಾರು ನಿಲ್ಲಿಸಿ ಬಾನೆಟ್ ಎತ್ತಿದೆ. ಪೈಪು ಕಳಚಿ ನೇತಾಡುತ್ತಿತ್ತು. ಎಳೆದು ಸಿಕ್ಕಿಸಿದರೆ ತಂತಿಯ ಹಾಗೆ ಬಿಗಿದುಕೊಳ್ಳುತ್ತಿತ್ತು. ಇಷ್ಟು ದಿನ ಏರಿನಲ್ಲಿ ಎಂಜಿನ್ನು ತಿಣುಕಿ ಪಕ್ಕಕ್ಕೆ ವಾಲಿದಾಗ ಸಡಿಲಗೊಂಡು ಸೋರಿ, ಸಮತಟ್ಟಿನಲ್ಲಿ ಮತ್ತೆ ಕೂರುತ್ತಿದ್ದದ್ದು ಈಗ ಪೂರ್ತಿ ಜಾರಿಬಿಡುತ್ತಿತ್ತು. ನಾಲ್ಕು ಇಂಚು ಕಡಿಮೆಯಿತ್ತು. ತಿರುವಿಗೊಮ್ಮೆ ಇಳಿದು ಸಿಕ್ಕಿಸುತ್ತಾ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ಎಡಗಾಲಿನ ಕಿರುಬೆರಳು ಕಪ್ಪಾಗಿತ್ತು. ಹತ್ತು ದಿನ ಕಾದು ನೋಡಿ ಡಾಕ್ಟರು ಅದನ್ನು ತೆಗೆದರು.

ಪಕ್ಕದ ಊರಿನಿಂದ ಉದ್ದನೆಯ ಹೊಸ ಪೈಪು ತಂದೆ. ನಾನೇ ಹಾಕಬಹುದಿತ್ತು. "ಬೇಡ, ಅಲ್ಲಿಗೇ ನಡೀರಿ" ಎಂದವಳು ಸಿದ್ದಮ್ಮ.

ನಾಗಭೂಷಣ ಒಳಗಿನ ತುದಿ ಸಿಕ್ಕಿಸಿ, ಹೊರಗಿನದನ್ನು ಎಂದಿನಂತೆ ನನ್ನ ಕಡೆ ನೂಕಿದರು. "ಎಳೀರಿ ಮೇಷ್ಟ್ರೇ." ಎಳೆದೆ, ಹಿಡಿಯಿತು. ಅವರ ಕೈ ತಾನಾಗಿ ಕಿಸೆಗೆ ಹೋಗಿ ಬ್ಲೇಡು ತೆಗೆಯಿತು. ಆಗ ಸಿದ್ದಮ್ಮ ಕಾರಿನ ಬಾಗಿಲು ತೆರೆದು, ಬ್ಯಾಂಡೇಜು ಸುತ್ತಿದ ಕಾಲನ್ನು ನೆಲಕ್ಕಿಟ್ಟಳು.

"ಕತ್ತರಿಸಿ ಅಣ್ಣಾ. ಆದ್ರೆ ಈ ಸಲ ಯಾಕೆ ಅಂತ ಹೇಳಿ ಕತ್ತರಿಸಿ."

"ರಬ್ಬರು..." ಎಂದರು ನಾಗಭೂಷಣ. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದ್ದ ಹೊಸ ರಬ್ಬರು. ಅವರು ಆ ಕಾಲನ್ನು ನೋಡಿದರು. ಬ್ಲೇಡನ್ನು ಕಿಸೆಗೆ ಹಾಕಿಕೊಂಡು, ಒದ್ದೆಯಾಗಿದ್ದ ತುದಿಯನ್ನು ಬರಿಗೈಯಲ್ಲೇ ಹಿಡಿದು ಎಂಜಿನ್ನಿಗೆ ಒತ್ತಿ ಕೂರಿಸಿದರು. ತಪ್ಪಾಯಿತು ಎನ್ನಲಿಲ್ಲ. ನಾನು ಬಾನೆಟ್ ಮುಚ್ಚಿದೆ.

ಅಲ್ಲಿಂದ ನೇರ ಬೆಟ್ಟಕ್ಕೆ ಹೊರಟೆವು. ಏರು ಶುರುವಾಯಿತು. ಮೊದಲ ತಿರುವು ದಾಟಿತು, ಎರಡನೆಯದು, ಮೂರನೆಯದು.

"ಬಿಸಿ ಬರ್ತಿದೆಯಾ?" ಎಂದು ಕೇಳಿದೆ.

ಸಿದ್ದಮ್ಮ ಬಗ್ಗಿ, ಕಾಲಿನ ಹತ್ತಿರ ಅಂಗೈ ಚಾಚಿ ನೋಡಿದಳು.

"ಬರ್ತಿದೆ" ಎಂದಳು. "ಉಳಿದ ಒಂಬತ್ತಕ್ಕೆ ಸಾಕು."