ಭಾನುವಾರದ ಹತ್ತು ನಿಮಿಷ

ನಮ್ಮ ಮನೆಯ ಕಾರನ್ನು ಸ್ಟಾರ್ಟ್ ಮಾಡುವುದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ. ಸ್ಟಾರ್ಟ್ ಮಾಡುವುದು ಅಷ್ಟೇ, ಓಡಿಸುವುದಲ್ಲ. ಅಪ್ಪನ ಬಲಗೈ ನಡುಗಲು ಶುರುವಾಗಿ ನಾಲ್ಕು ವರ್ಷವಾಯಿತು. ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ದಿನದಿಂದ ಅದು ಮನೆ ಪಕ್ಕದ ತಗಡಿನ ಶೆಡ್ಡಿನಲ್ಲೇ ನಿಂತಿದೆ. ಮಾರೋಣ ಎಂದು ಯಾರಾದರೂ ಬಾಯಿ ತೆರೆದರೆ ಅಪ್ಪ ಎರಡು ಹೊತ್ತು ಊಟ ಬಿಡುತ್ತಾರೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ನಿಂತು ಕೆಲಸ ಮಾಡಿದವರು ಕೂತು ಹೋಗಲೆಂದು ಕೊಂಡ ಕಾರು ಅದು.

ಅಣ್ಣ ಅತ್ತಿಗೆಯೊಡನೆ ಎರಡು ಬೀದಿ ಆಚೆ ಬೇರೆ ಮನೆ ಮಾಡಿದ್ದಾನೆ. ಓಡಾಡಲು ಅವನಿಗೆ ಆಫೀಸಿನ ಗಾಡಿ ಇದೆ. ಭಾನುವಾರ ಬಂದು ಅಪ್ಪನ ಕೈಯಿಂದ ಕೀಲಿ ಇಸಿದುಕೊಂಡು ಸೀಟಿನಲ್ಲಿ ಕೂತು ತಿರುಗಿಸುತ್ತಾನೆ. ಎಂಜಿನ್ ಹಿಡಿಯುತ್ತದೆ. ಎಸಿ ಹಾಕುತ್ತಾನೆ, ರೇಡಿಯೋ ಹಾಕುತ್ತಾನೆ, ಫೋನು ನೋಡುತ್ತಾ ಹತ್ತು ನಿಮಿಷ ಕೂರುತ್ತಾನೆ. ಅಮ್ಮ ಕಿಟಕಿಯಲ್ಲೇ ಕಾಫಿ ಕೊಡುತ್ತಾಳೆ. ಅಪ್ಪ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಎಂಜಿನ್ನಿನ ಸದ್ದು ಕೇಳುತ್ತಾ ಕಾಲು ಅಲ್ಲಾಡಿಸುತ್ತಾರೆ.

"ಒಂದೇ ಸಲಕ್ಕೆ ಹಿಡೀತು ನೋಡು! ನನ್ನ ಮಗನ ಕೈಗುಣವೇ ಕೈಗುಣ."

"ಗಾಡಿಗೆ ನನ್ನ ಕಂಡ್ರೆ ಭಯ ಅಪ್ಪಾ" ಎಂದು ಅಣ್ಣ ನಗುತ್ತಾನೆ.

ಹತ್ತು ನಿಮಿಷವಾದ ಮೇಲೆ ಆರಿಸಿ, ಕೀಲಿ ಕೊಟ್ಟು, ತಿಂಡಿ ತಿಂದು ಹೊರಡುತ್ತಾನೆ. ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ತಿರುಗಿದರೆ ಬ್ಯಾಟರಿ ಗಟ್ಟಿಯಾಗಿರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ನಂಬಿಕೆ ಬಿಟ್ಟದ್ದು ಎರಡು ವರ್ಷದ ಹಿಂದೆ. ಅಣ್ಣ ಊರಲ್ಲಿರಲಿಲ್ಲ, ಪಕ್ಕದ ಮನೆಯವರು ಕೀಲಿ ತಿರುಗಿಸಿದರೆ ಕಾರು ಏಳಲಿಲ್ಲ. ಅವರೇ ಬ್ಯಾಟರಿ ಬಿಚ್ಚಿ ಕೊಟ್ಟರು. ಅದನ್ನು ಗಾಲಿ ಇರುವ ತರಕಾರಿ ಚೀಲದಲ್ಲಿಟ್ಟು ಎಳೆದುಕೊಂಡು ಬೀದಿ ಕೊನೆಯ ಬ್ಯಾಟರಿ ಅಂಗಡಿಗೆ ಹೋದದ್ದು ನಾನು. ಆ ಅಂಗಡಿಯನ್ನು ನಡೆಸುವುದು ಒಬ್ಬ ಹೆಂಗಸು. ಗಂಡ ಬೆನ್ನು ಹಿಡಿದು ಮಲಗಿದ ಮೇಲೆ ತಾನೇ ಕೂತವಳು. ಉಟ್ಟ ಬಟ್ಟೆಯ ಮೇಲೆಲ್ಲ ಆಸಿಡ್ ಬಿದ್ದು ಸಾಸಿವೆಯಷ್ಟು ಸಾಸಿವೆಯಷ್ಟು ತೂತು. ಬೀದಿಯವರೆಲ್ಲ ಅವಳನ್ನು ಆಸಿಡ್ ಅಕ್ಕ ಎನ್ನುತ್ತಾರೆ. ಅವಳ ಮಾತಿಗೂ ಅದೇ ಹೆಸರು ಒಪ್ಪುತ್ತದೆ.

"ಎಷ್ಟು ಹೊತ್ತು ಓಡಿಸ್ತೀರಿ?" ಎಂದಳು.

"ಓಡಿಸಲ್ಲ. ಅಣ್ಣ ಬಂದು ನಿಂತಲ್ಲೇ ಹತ್ತು ನಿಮಿಷ ಹಾಕ್ತಾನೆ."

"ಎಸಿ, ರೇಡಿಯೋ?"

ಹೌದೆಂದು ತಲೆ ಆಡಿಸಿದೆ.

"ನಿಮ್ಮಣ್ಣ ಅದಕ್ಕೆ ಊಟ ಹಾಕ್ತಿಲ್ಲ ಕಣೇ. ಮಲಗಿದ್ದನ್ನ ಎಬ್ಬಿಸಿ ಖಾಲಿ ತಟ್ಟೆ ತೋರಿಸಿ ಮತ್ತೆ ಮಲಗಿಸ್ತಿದ್ದಾನೆ. ಒಂದು ಸಲ ಸ್ಟಾರ್ಟ್ ಆಗೋಕೆ ಒಂದು ಚೊಂಬು ಕರೆಂಟು ಬೇಕು. ಹತ್ತು ನಿಮಿಷದಲ್ಲಿ ವಾಪಸ್ ಬರೋದು ಎರಡು ಚಮಚ. ಮೇಲಿಂದ ವಾರವೆಲ್ಲ ಗಡಿಯಾರ, ಕಳ್ಳರ ಅಲಾರಂ, ಎಲ್ಲ ಸೇರಿ ಗುಟುಕು ಗುಟುಕು ಕುಡೀತಾವೆ. ಓಡಿಸಿದ್ರೆ ಅರ್ಧ ಗಂಟೆ ರೋಡಲ್ಲಿ ಓಡಿಸಿ. ಇಲ್ಲಾಂದ್ರೆ ಕಪ್ಪು ವೈರು ಬಿಚ್ಚಿಡಿ, ತಿಂಗಳಿಗೊಂದು ಸಲ ಚಾರ್ಜರ್ ಹಾಕಿ."

ಮನೆಗೆ ಬಂದು ಇದನ್ನೇ ಹೇಳಿದೆ. ಎರಡು ದಿನ ಬಿಟ್ಟು ಬಂದ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೂಗಿ ಎಂಜಿನಿಯರ್ ಆಗಿದ್ದಾಳೆ!" ಚಿಕ್ಕಂದಿನಿಂದ ಅವನಿಗೆ ನಾನು ಮೂಗಿ. ಅಮ್ಮನ ಸೊಂಟ ಮುರಿದ ವರ್ಷ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಾಲ್ಕು ಜನರೆದುರು ಬಾಯಿ ಬರದವಳು. ಅಪ್ಪ ಮಾತ್ರ ನಗಲಿಲ್ಲ. "ಬಾನೆಟ್ ಎತ್ತಬೇಡ. ಶಾಕ್ ಹೊಡೆದೀತು" ಎಂದರು.

ಮಾತಾಡುವುದಕ್ಕಿಂತ ಮಾಡುವುದು ನನಗೆ ಸುಲಭ. ಆಸಿಡ್ ಅಕ್ಕ ಒಂದು ಹಳೆಯ ಚಾರ್ಜರನ್ನೂ ಹತ್ತನೇ ನಂಬರಿನ ಸ್ಪಾನರನ್ನೂ ಕೊಟ್ಟಳು. ಭಾನುವಾರ ಮಧ್ಯಾಹ್ನ ಅಪ್ಪ ಮಲಗಿದಾಗ ಬಾನೆಟ್ ಎತ್ತಿ ಕಪ್ಪು ವೈರು ಬಿಚ್ಚುತ್ತಿದ್ದೆ, ತಿಂಗಳಿಗೊಮ್ಮೆ ಚಾರ್ಜರ್ ಹಾಕುತ್ತಿದ್ದೆ. ಮುಂದಿನ ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಮತ್ತೆ ಹಾಕುತ್ತಿದ್ದೆ. ವೈರು ಬಿಚ್ಚಿ ಹಾಕಿದರೆ ಕಾರಿನ ಗಡಿಯಾರ ಮತ್ತೆ ಒಂದು ಗಂಟೆಯಿಂದ ಶುರುವಾಗುತ್ತದೆ. ಅಪ್ಪನ ಕಣ್ಣಿಗೆ ಬೀಳಬಾರದೆಂದು ಅದನ್ನೂ ಪ್ರತಿ ವಾರ ಸರಿಮಾಡುತ್ತಿದ್ದೆ. ಅದಕ್ಕೆ ಕೀಲಿ ಬೇಕು. ಕೀಲಿ ಅಪ್ಪನ ಅಂಗಿಯ ಜೇಬಿನಲ್ಲಿ, ಅಂಗಿ ಬಚ್ಚಲ ಬಾಗಿಲ ಹೊರಗಿನ ಮೊಳೆಯ ಮೇಲೆ. ಅಪ್ಪ ಕೊನೆಯ ಚೊಂಬು ಸುರಿದುಕೊಳ್ಳುವಷ್ಟರಲ್ಲಿ ಕೀಲಿ ವಾಪಸ್ ಜೇಬಿಗೆ ಬಂದಿರಬೇಕು. ಅರ್ಧ ತಿರುಗಿಸಿ ಗಡಿಯಾರ ಸರಿಮಾಡುತ್ತಿದ್ದೆ. ಪೂರ್ತಿ ತಿರುಗಿಸಿದವಳಲ್ಲ. ಬ್ಯಾಟರಿಯ ತಲೆಯ ಮೇಲೆ ಬಿಳಿ ಪುಡಿ ಕಟ್ಟಿದರೆ ಬಿಸಿನೀರು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದೇನೆ.

ಆಮೇಲೆ ಎರಡು ವರ್ಷ ಕಾರು ಒಂದು ಭಾನುವಾರವೂ ತಪ್ಪಲಿಲ್ಲ. ಅಣ್ಣನ ಕೈಗುಣ ಬೀದಿಯೆಲ್ಲ ಹಬ್ಬಿತು.

ಆಸಿಡ್ ಅಕ್ಕನ ಅಂಗಡಿಗೆ ಚಾರ್ಜರ್ ನೆಪದಲ್ಲಿ ಹೋಗಿ ಹೋಗಿ ನಾನು ಮೀಟರ್ ಹಿಡಿಯುವುದು ಕಲಿತೆ. ಯಾವ ಬ್ಯಾಟರಿ ಹಸಿದಿದೆ, ಯಾವುದು ಸತ್ತಿದೆ ಎಂದು ಹೇಳಬಲ್ಲವಳಾದೆ. ಒಂದು ದಿನ ಅವಳು ಎಂದಳು, "ಬಸ್ ಸ್ಟ್ಯಾಂಡ್ ಹತ್ರ ಇನ್ನೊಂದು ಅಂಗಡಿ ಹಾಕ್ತಿದೀನಿ. ಇಲ್ಲಿ ಚಾರ್ಜಿಂಗ್ ಕೋಣೆ ನೋಡ್ಕೊಳ್ಳೋಕೆ ಒಬ್ಬರು ಬೇಕು. ನೀನು ಬಾ. ಮಾತಾಡೋ ಕೆಲಸ ಇಲ್ಲ. ಬ್ಯಾಟರಿಗಳು ನಿನ್ನ ಹಾಗೇನೇ, ಮುಟ್ಟಿದ್ರೆ ಮಾತ್ರ ಗೊತ್ತಾಗೋದು."

"ಮನೇಲಿ ಕೇಳ್ಬೇಕು."

"ಕೇಳು. ತಿಂಗಳ ಕೊನೆವರೆಗೆ ಕಾಯ್ತೀನಿ. ಆಮೇಲೆ ನನ್ನ ನಾದಿನಿ ಮಗಳನ್ನ ಕೂರಿಸಿಬಿಡ್ತೀನಿ. ಅವಳು ದಂಡಪಿಂಡ, ಆದ್ರೂ ಏನ್ಮಾಡ್ಲಿ?"

ಭಾನುವಾರ ಬರುವವರೆಗಿನ ಮೂರು ದಿನ ನಾನು ಅದನ್ನೇ ನೆನೆಯುತ್ತಿದ್ದೆ. ಒಂದು ಕೋಣೆ, ಸಾಲಾಗಿ ಬ್ಯಾಟರಿಗಳು, ಗೋಡೆಯ ಮೇಲೆ ಮೀಟರ್, ನಾನು. ಬೆಳಿಗ್ಗೆ ಹೊರಟು ಸಂಜೆ ಬರುವುದು. ಜೀವನದಲ್ಲಿ ಇಷ್ಟು ಬೇಕೆನಿಸಿದ ಇನ್ನೊಂದು ವಸ್ತುವಿರಲಿಲ್ಲ. ಭಾನುವಾರ ಎಲ್ಲರೂ ತಿಂಡಿಗೆ ಕೂತಾಗ ಹೇಳಿದೆ. ಹೇಳಿದೆನೋ ಗೊಣಗಿದೆನೋ, ಅಮ್ಮ "ಏನಂದೆ?" ಎಂದು ಎರಡು ಸಲ ಕೇಳಬೇಕಾಯಿತು.

"ಬ್ಯಾಟರಿ ಅಂಗಡೀಲಿ ನಿನಗೇನು ಕೆಲಸ?" ಅಪ್ಪ ಆಶ್ಚರ್ಯಪಟ್ಟರು. "ಟಾರ್ಚಿಗೆ ಸೆಲ್ ಹಾಕೋಕೆ ಬರುತ್ತಾ ನಿನಗೆ?"

"ಅಲ್ಲಿ ಹೋಗಿ ಗಿರಾಕಿ ಬಂದ್ರೆ ಬಾಗಿಲ ಹಿಂದೆ ಅವಿತುಕೊಳ್ತಾಳೆ" ಎಂದ ಅಣ್ಣ.

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ಕೈತೊಳೆಯಲು ಏಳುತ್ತಾ ಮುಗಿಸಿದರು: "ಕೆಲಸ ಗೊತ್ತಿರೋರನ್ನ ಬೇಕಾದ್ರೆ ಕಳಿಸಬಹುದಮ್ಮ. ಏನೂ ಗೊತ್ತಿಲ್ಲದೋರನ್ನ ಕಳಿಸಿದ್ರೆ ನಾಳೆ ನನ್ನ ಮರ್ಯಾದೆ ಹೋಗುತ್ತೆ."

ಎರಡು ವರ್ಷದ ಕಥೆಯನ್ನು ಆಗಲೇ ಹೇಳಬಹುದಿತ್ತು. ಆದರೆ ಅಣ್ಣನ ಎದುರು, ಅತ್ತಿಗೆಯ ನಗುವಿನ ಎದುರು, ನಿನ್ನ ಕೈಗುಣ ನನ್ನದು ಎಂದು ಹೇಗೆ ಹೇಳುವುದು? ಹೇಳಿದರೂ ನಂಬುವವರು ಯಾರು? ಕಾರೇ ಹೇಳಲಿ ಎಂದುಕೊಂಡೆ. ಆ ಮಧ್ಯಾಹ್ನ ನಾನು ಶೆಡ್ಡಿಗೆ ಹೋಗಲಿಲ್ಲ. ಕಪ್ಪು ವೈರನ್ನು ಬಿಚ್ಚಲಿಲ್ಲ. ಚಾರ್ಜರನ್ನು ಹಾಸಿಗೆಯ ಕೆಳಗೆ ತಳ್ಳಿದೆ.

ಮುಂದಿನ ಭಾನುವಾರ ಕಾರು ಎದ್ದಿತು. ಅದರ ಮುಂದಿನ ವಾರ ಸ್ವಲ್ಪ ಗೊಣಗಿ ಎದ್ದಿತು. ಅಣ್ಣ "ಚಳಿಗೆ" ಎಂದ. ತಿಂಗಳ ಕೊನೆಯ ಭಾನುವಾರ ಅವನು ಕೀಲಿ ತಿರುಗಿಸಿದಾಗ ಟಿಕ್ ಎಂದಿತು. ಮತ್ತೆ ತಿರುಗಿಸಿದ. ಟಿಕ್ ಟಿಕ್ ಟಿಕ್. ಡ್ಯಾಶ್‌ಬೋರ್ಡಿನ ದೀಪಗಳು ನಿದ್ದೆಗಣ್ಣಿನ ಹಾಗೆ ಮಂಕಾದವು.

ಅಪ್ಪ ಕುರ್ಚಿಯಿಂದ ಎದ್ದರು. ಅವರ ಮುಖ ನೋಡಿ ಈಗಲೇ ಚಾರ್ಜರ್ ತಂದುಬಿಡಲೇ ಎನಿಸಿತು. ಆದರೂ ಬಾಗಿಲ ಬಳಿ ಗಟ್ಟಿಯಾಗಿ ನಿಂತೆ.

"ಇನ್ನೊಂದು ಸಲ ಹಾಕೋ. ನಿನ್ನ ಕೈಗೆ ಬರುತ್ತೆ."

"ಬರ್ತಿಲ್ಲ ಅಪ್ಪಾ. ಬ್ಯಾಟರಿ ಸತ್ತಿದೆ. ಯಾರೋ ಏನೋ ಮಾಡಿರಬೇಕು." ಹೇಳುತ್ತಲೇ ಅಣ್ಣ ನನ್ನ ಕಡೆ ನೋಡಿದ. "ಏನೇ, ಬಾನೆಟ್ ಮುಟ್ಟಿದ್ದೀಯಾ?"

ಅಪ್ಪ ಆಸಿಡ್ ಅಕ್ಕನಿಗೆ ಫೋನು ಮಾಡಿಸಿದರು. ಅವಳು ಮೀಟರ್ ಹಿಡಿದುಕೊಂಡು ಹತ್ತು ನಿಮಿಷದಲ್ಲಿ ಬಂದಳು. ಬಾನೆಟ್ ಎತ್ತಿ, ಕೆಂಪು ಕಡ್ಡಿ ಒಂದು ಕಡೆ, ಕಪ್ಪು ಕಡ್ಡಿ ಒಂದು ಕಡೆ ಇಟ್ಟು ನೋಡಿ ಹುಬ್ಬು ಏರಿಸಿದಳು.

"ಹನ್ನೊಂದು ಪಾಯಿಂಟ್ ನಾಲ್ಕು ವೋಲ್ಟು. ಪೂರಾ ಹಸಿದಿದೆ. ಹೋದ ತಿಂಗಳು ಸರಿಯಾಗಿತ್ತಲ್ಲೇ?"

ಕೇಳಿದ್ದು ನನ್ನನ್ನು. ಎಲ್ಲರೂ ತಿರುಗಿದರು. ಕಿವಿ ಕಾದು ಕೆಂಪಾಯಿತು, ಆದರೆ ಮಾತು ಹೊರಗೆ ಬಂತು.

"ನಾನು ನಿಲ್ಲಿಸಿದೆ. ಎರಡು ವರ್ಷದಿಂದ ವೈರು ಬಿಚ್ಚಿ ಹಾಕ್ತಿದ್ದೆ. ಚಾರ್ಜ್ ಮಾಡ್ತಿದ್ದೆ. ಈ ತಿಂಗಳು ಮಾಡಲಿಲ್ಲ. ಅದಕ್ಕೇ ಹೀಗಾಗಿದೆ."

ಅಣ್ಣ ಸೀಟಿನಿಂದ ಇಳಿದ. "ನೋಡಿದ್ರಾ? ನಾನು ಹೇಳಲಿಲ್ವಾ, ಇವಳೇ ಕೆಡಿಸಿರೋದು!"

"ಕೆಡಿಸಿದ್ದಾ?" ಆಸಿಡ್ ಅಕ್ಕ ಮೀಟರನ್ನು ಬ್ಯಾಟರಿಯ ಪಕ್ಕಕ್ಕೆ ಇಟ್ಟಳು. "ರೀ ಸ್ವಾಮಿ, ಈ ಬ್ಯಾಟರಿಗೆ ಆರು ವರ್ಷ. ನಿಮ್ಮ ಹಾಗೆ ವಾರಕ್ಕೆ ಹತ್ತು ನಿಮಿಷ ಹಾಡು ಕೇಳೋರ ಕೈಗೆ ಸಿಕ್ಕಿದ್ರೆ ಹೋದ ವರ್ಷವೇ ಗುಜರಿಗೆ ಹೋಗ್ತಿತ್ತು. ಇದು ಇವತ್ತಿನವರೆಗೆ ಬದುಕಿರೋದು ಈ ಹುಡುಗಿಯಿಂದ. ನನ್ನ ಅಂಗಡೀಲಿ ಹತ್ತು ವರ್ಷ ಕೆಲಸ ಮಾಡಿದೋರಿಗೂ ಇಷ್ಟು ಅಚ್ಚುಕಟ್ಟು ಬರಲ್ಲ. ಈ ತಲೆ ನೋಡಿ, ಒಂದು ಚೂರು ಬಿಳಿ ಪುಡಿ ಇದೆಯಾ?"

ಅಪ್ಪ ಬಗ್ಗಿ ನೋಡಿದರು. ನಡುಗುವ ಕೈಯನ್ನು ಬ್ಯಾಟರಿಯ ಮೇಲಿಟ್ಟರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ. ಆಮೇಲೆ ನನ್ನನ್ನು ನೋಡಿದರು. ಅಪ್ಪ ನನ್ನನ್ನು ಹಾಗೆ ನೋಡಿದ ನೆನಪಿಲ್ಲ. ಕಣ್ಣು ಒದ್ದೆಯಾಗಿತ್ತು.

"ಎರಡು ವರ್ಷ?" ಎಂದರು.

"ಹೂಂ."

"ನನಗೆ ಗೊತ್ತಾಗದ ಹಾಗೆ?"

"ನೀವು ಬಯ್ತೀರಿ ಅಂತ."

ಈಗ ಹೇಳುತ್ತಾರೆ ಎಂದುಕೊಂಡೆ. ಕೆಲಸ ಗೊತ್ತಿರುವವರನ್ನು ಕಳಿಸಬಹುದು ಎಂದವರು ಅವರೇ ಅಲ್ಲವೇ? ಆಸಿಡ್ ಅಕ್ಕನೂ ಅದನ್ನೇ ಹಿಡಿದಳು. "ಅದಕ್ಕೇ ಯಜಮಾನ್ರೇ, ನಾಳೆಯಿಂದ ಇವಳನ್ನ ಅಂಗಡಿಗೆ ಕಳಿಸಿ. ನಿಮ್ಮ ಕಾರನ್ನೂ ನೋಡ್ಕೊಳ್ತಾಳೆ, ನನ್ನ ಕೋಣೇನೂ ನೋಡ್ಕೊಳ್ತಾಳೆ."

ಅಪ್ಪ ತಲೆ ಅಲ್ಲಾಡಿಸಿದರು. ಸಿಟ್ಟಿನಿಂದಲ್ಲ, ಸಂತೋಷದಿಂದ.

"ಇಲ್ಲಮ್ಮ. ಇಷ್ಟು ಕೆಲಸ ಬರೋ ಮಗಳನ್ನ ಯಾರಾದ್ರೂ ಹೊರಗೆ ಕಳಿಸ್ತಾರಾ? ಇದೇ ಕಾರನ್ನ ನೋಡ್ಕೊಳ್ಳಲಿ. ನಾನಿರೋವರೆಗೂ ಇದು ಹೀಗೇ ಒಂದೇ ಸಲಕ್ಕೆ ಏಳ್ಬೇಕು."

"ಅಪ್ಪಾ, ನೀವೇ ಅಂದಿದ್ರಿ..."

"ಏನೂ ಗೊತ್ತಿಲ್ಲ ಅಂದ್ಕೊಂಡು ಅಂದಿದ್ದು ಕಣಮ್ಮ."

"ನಾನೂ ಅದೇ ಹೇಳೋಣ ಅಂತಿದ್ದೆ" ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಇವಳಿಲ್ಲದಿದ್ರೆ ಈ ಮನೇಲಿ ಒಂದು ಕಡ್ಡೀನೂ ಅಲ್ಲಾಡಲ್ಲ."

ಅಣ್ಣನ ಮುಖದ ಬಿಗಿ ಇಳಿದಿತ್ತು. ಕೀಲಿಯನ್ನು ಅಪ್ಪನ ಕೈಗೆ ಹಾಕಿದ. "ಹಾಗಾದ್ರೆ ಭಾನುವಾರ ನಾನು ಬರೋದೂ ಬೇಕಾಗಿಲ್ಲ. ಒಳ್ಳೇದೇ ಆಯ್ತು."

ಅಪ್ಪ ಆ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದರು. ಅವರ ಕೈ ನಡುಗುತ್ತಿದ್ದುದರಿಂದ ನನ್ನ ಕೈಯೂ ನಡುಗಿತು. ಏನೋ ದೊಡ್ಡ ಬಹುಮಾನ ಕೊಟ್ಟವರಂತೆ ನಿಂತಿದ್ದರು. ಬೇಡ ಎನ್ನಲು ಬಾಯಿ ತೆರೆದೆ. ಅವರ ಮುಖ ನೋಡಿದೆ, ಮುಚ್ಚಿದೆ.

ಆಸಿಡ್ ಅಕ್ಕ ಬ್ಯಾಟರಿಯನ್ನು ಬಿಚ್ಚಿ ಚಾರ್ಜಿಗೆ ಒಯ್ದಳು. ಗೇಟಿನವರೆಗೆ ಗಾಲಿಯ ತರಕಾರಿ ಚೀಲ ನಾನೇ ಎಳೆದುಕೊಂಡು ಹೋದೆ. ಅಲ್ಲಿ ಅವಳು ನಿಂತು ತಗ್ಗಿದ ದನಿಯಲ್ಲಿ, "ತಪ್ಪು ನನ್ನದು ಕಣೇ" ಎಂದಳು. "ಇವಳು ದಂಡ, ನನ್ನ ಹತ್ರ ಬಂದು ಸ್ವಲ್ಪ ಕಲೀಲಿ ಅಂದಿದ್ರೆ ಕಳಿಸಿಬಿಡ್ತಿದ್ರು. ಹೊಗಳಿ ಹಾಳು ಮಾಡಿದೆ."

"ಇನ್ನೊಂದು ವಾರ ಕಾಯ್ತೀಯಾ ಅಕ್ಕಾ?"

"ಒಂದು ವಾರದಲ್ಲಿ ಏನು ಬದಲಾಗುತ್ತೆ?"

ಚೀಲದ ಹಿಡಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಎಳೆದುಕೊಂಡು ಹೋದಳು.

ಮಂಗಳವಾರ ಬ್ಯಾಟರಿ ತರಲು ಹೋದೆ. ಚಾರ್ಜಿಂಗ್ ಕೋಣೆಯಲ್ಲಿ ನಾದಿನಿಯ ಮಗಳು ಹೊಸ ಸ್ಟೂಲಿನ ಮೇಲೆ ಕೂತಿದ್ದಳು. ನನ್ನಷ್ಟೇ ವಯಸ್ಸು. ಚಾರ್ಜರಿನ ಸ್ವಿಚ್ಚು ಹಾಕಿಯೇ ಕ್ಲಿಪ್ಪನ್ನು ಬ್ಯಾಟರಿಗೆ ಕಚ್ಚಿಸಿದಳು, ಚಟ್ ಎಂದು ಕಿಡಿ ಹಾರಿತು. ಹೆದರಿ ಹಿಂದೆ ಜಿಗಿದು, ನನ್ನನ್ನು ನೋಡಿ ನಾಚಿ ನಕ್ಕಳು.

"ಮೊದಲು ಕ್ಲಿಪ್ಪು. ಆಮೇಲೆ ಸ್ವಿಚ್ಚು" ಎಂದೆ.

"ಹೌದಾ? ನಿಮಗೆ ಹೇಗೆ ಗೊತ್ತು?"

"ನಮ್ಮನೇಲಿ ಒಂದು ಕಾರಿದೆ" ಎಂದು ಹೇಳಿ ಚೀಲ ಎಳೆದುಕೊಂಡು ಬಂದೆ.

ಅಪ್ಪ ಪಕ್ಕದ ಮನೆಯವರನ್ನು ಕರೆದು ಆಗಲೇ ಶೆಡ್ಡಿನಲ್ಲಿ ಎರಡು ಕುರ್ಚಿ ಹಾಕಿಸಿದ್ದರು. ಬ್ಯಾಟರಿ ಇಟ್ಟು ಕೆಂಪು ವೈರು ಬಿಗಿದೆ, ಕಪ್ಪು ವೈರು ಬಿಗಿದೆ. "ಎಲ್ಲ ತಾನೇ ಕಲಿತಿದ್ದಾಳೆ ಕಣ್ರೀ, ಯಾರೂ ಹೇಳಿಕೊಟ್ಟಿಲ್ಲ" ಎಂದು ಅಪ್ಪ ಹೇಳುತ್ತಿದ್ದರು. ಮೊದಲ ಸಲ ಸೀಟಿನಲ್ಲಿ ಸರಿಯಾಗಿ ಕೂತು ಕೀಲಿಯನ್ನು ಪೂರ್ತಿ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಅಪ್ಪ ಚಪ್ಪಾಳೆ ತಟ್ಟಿದರು.

"ಅರ್ಧ ಗಂಟೆ ರೋಡಲ್ಲಿ ಓಡಿಸ್ಬೇಕು ಅಪ್ಪಾ. ನಿಂತಲ್ಲೇ ಇದ್ರೆ ಸಾಲದು. ನಾನು ಡ್ರೈವಿಂಗ್ ಕಲೀಲಾ?"

"ನೀನು ಯಾಕಮ್ಮ ಕಲೀಬೇಕು?" ಅಪ್ಪ ಪಕ್ಕದವರ ಕಡೆ ತಿರುಗಿ ಪ್ರೀತಿಯಿಂದ ನಕ್ಕರು. "ನಿನ್ನ ಹತ್ರ ಚಾರ್ಜರ್ ಇದೆಯಲ್ಲ!"