ಕುಂಭಕದ ಅಪ್ಪಯ್ಯಣ್ಣನವರು

ಅಪ್ಪಯ್ಯಣ್ಣನವರನ್ನು ನೀವು ಏನನ್ನೇ ಕೇಳಿ, ಉತ್ತರಕ್ಕೆ ಮೊದಲು ಅವರ ಬಲಗೈಯ ತೋರುಬೆರಳು ಮೇಲೇಳುತ್ತಿತ್ತು. ಅವರೀಗ ಕುಂಭಕದಲ್ಲಿದ್ದಾರೆ, ಉಸಿರನ್ನು ಒಳಗೆ ಬಿಗಿಹಿಡಿದಿದ್ದಾರೆ, ಅದನ್ನು ಬಿಡುವ ತನಕ ಲೋಕವ್ಯವಹಾರವೆಲ್ಲ ತಡೆದು ನಿಂತಿರಬೇಕು ಎಂದು ಅದರ ಅರ್ಥ. ಎತ್ತು ಹಗ್ಗ ಕಿತ್ತುಕೊಂಡು ರಾಗಿ ಹೊಲಕ್ಕೆ ನುಗ್ಗಿದೆಯೆಂದು ಆಳು ಏದುಸಿರು ಬಿಡುತ್ತ ಓಡಿಬಂದರೂ ಅದೇ ಬೆರಳು. ಕೆನ್ನೆ ಉಬ್ಬಿ, ಕಣ್ಣು ಕೆಂಪೇರಿ, ಕಡೆಗೊಮ್ಮೆ ಉಸಿರು ಹೊರಬಿದ್ದು "ಏನಪ್ಪಾ, ಈಗ ಹೇಳು" ಎನ್ನುವ ಹೊತ್ತಿಗೆ ಆ ಎತ್ತು ಹೊಟ್ಟೆ ತುಂಬಿಸಿಕೊಂಡು ತಾನಾಗಿಯೇ ಕೊಟ್ಟಿಗೆಗೆ ಬಂದಿರುತ್ತಿತ್ತು.

ದೇವನಹಳ್ಳಿಯ ಕೋಟೆಯೊಳಗೆ ಅವರ ಜಗುಲಿಗೆ ಅಂಟಿಕೊಂಡ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಮಿಡ್ಲ್ ಸ್ಕೂಲಿನ ಮೇಷ್ಟರಿಗೆ ಅಷ್ಟು ಜಾಗ ಸಾಕಿತ್ತು. ಆಗ ಯುದ್ಧದ ಕಾಲ. ಜಮೀನಿನ ವ್ಯಾಜ್ಯಕ್ಕೆಂದು ಬೆಂಗಳೂರಿಗೆ ಹೋದ ಅಪ್ಪಯ್ಯಣ್ಣನವರು ಅಲ್ಲಿ ಯಾರೋ ಯೋಗಾಚಾರ್ಯನ ಭಾಷಣ ಕೇಳಿಬಂದವರೇ ಕೋರ್ಟಿಗೆ ಹಾಕುತ್ತಿದ್ದ ಕರಿಯ ಆಲ್ಪಾಕ ಕೋಟನ್ನು ಗೂಟಕ್ಕೆ ಸಿಕ್ಕಿಸಿ, ಎಲುಬು ನಡುಗಿಸುವ ಚಳಿಯಲ್ಲೂ ಬರಿಮೈಯಲ್ಲಿ, ಹೆಗಲ ಮೇಲೊಂದು ವಲ್ಲಿ ಹೊದ್ದು, ಎದೆಯನ್ನು ತಮಗಿಂತ ಒಂದು ಮಾರು ಮುಂದೆ ಕಳಿಸಿ ತಾವು ಹಿಂದಿನಿಂದ ನಡೆಯತೊಡಗಿದರು. ನಡಿಗೆಯಲ್ಲೂ ಉಸಿರೆಳೆಯುವ ಪೂರಕ, ಉಸಿರು ಬಿಡುವ ರೇಚಕ. ಕುಂಭಕ ಒದಗಿದ ಕಡೆ ನಡುರಸ್ತೆಯಾದರೂ ಸರಿ, ಗಕ್ಕನೆ ನಿಲ್ಲುವರು. ಹಿಂದೆ ಸಂತೆಗೆ ಹೊರಟ ಗಾಡಿಗಳೂ ನಿಲ್ಲುತ್ತಿದ್ದವು, ಗಾಡಿಯವರು ಅವರ ವಂಶಕ್ಕೆಲ್ಲ ಬೈಯುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಬಚ್ಚಲೊಲೆಯ ಮೇಲಿದ್ದ ತಾಮ್ರದ ಹಂಡೆಯನ್ನು ಕೀಳಿಸಿ ಹಿತ್ತಲಿನ ಬಯಲಿನಲ್ಲಿಡಿಸಿದರು. ಸಂಜೆ ತುಂಬಿಟ್ಟ ನೀರು ರಾತ್ರಿಯ ಮಂಜಿನಲ್ಲಿ ತಣಿದು ಬೆಳಗ್ಗೆ ಅವರ ನೆತ್ತಿಗೆ ಬೀಳಬೇಕು. ಮನೆಮಂದಿಗೂ ಅದೇ ನೀರು, ಅದೇ ಕಟ್ಟಳೆ.

"ಬಿಸ್ನೀರು ನರಾನ ಸಡ್ಲ ಮಾಡ್ತದೆ ಮೇಷ್ಟ್ರೇ. ನೋಡಿ, ಯಾರ ಹಂಗೂ ಇಲ್ದೆ ನಾನು ಶೀತಾನ ಗೆದ್ದಿವ್ನಿ" ಎಂದು ಒಮ್ಮೆ ನನಗೆ ಹೇಳಿದರು.

ಯಾರ ಹಂಗೂ ಇಲ್ಲದೆಯಂತೆ. ಬಾವಿಯಿಂದ ಕೊಡಕೊಡವಾಗಿ ಸೇದಿ ಆ ಹಂಡೆ ತುಂಬುತ್ತಿದ್ದವರು ಅವರ ಹೆಂಡತಿ ಮುನಿಲಕ್ಷ್ಮಮ್ಮನವರು. ಕೋಳಿ ಕೂಗುವ ಮೊದಲೇ ಎದ್ದು, ಒದ್ದೆ ಸೆರಗಿನಲ್ಲಿ ನಡುಗುತ್ತ ನಿಂತು, ಗಂಡನ ತಲೆಗೆ ಚೊಂಬಿನಿಂದ ಹೊಯ್ಯುತ್ತಿದ್ದವರೂ ಅವರೇ. ಆಕೆಯ ಅಂಗೈ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಊರಿನವರೆಲ್ಲ ಗಂಡನ ನಿಷ್ಠೆಯನ್ನು ಹೊಗಳುತ್ತಿದ್ದರು. ಆ ಕೈಯನ್ನು ಒಬ್ಬರಾದರೂ ನೋಡಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಪುಷ್ಯಮಾಸದಲ್ಲಿ ಮಗಳು ಅಂಜಿನಮ್ಮ ಚೊಚ್ಚಲ ಹೆರಿಗೆಗೆಂದು ತೌರಿಗೆ ಬಂದಳು. ಹೆರಿಗೆ ಸುಸೂತ್ರವಾಯಿತು, ಹೆಣ್ಣುಕೂಸು. ನಮ್ಮ ಸೀಮೆಯಲ್ಲಿ ಬಾಣಂತಿಗೆ ಎರೆಯುವ ನೀರೆಂದರೆ ಬೇವಿನ ಸೊಪ್ಪು ಹಾಕಿ ಮರಳಿಸಿದ, ಮೈ ಕೆಂಪಾಗುವಷ್ಟು ಸುಡುವ ನೀರು. ಅದೂ ಹಂಡೆಗಟ್ಟಲೆ, ಆಮೇಲೆ ಸಾಂಬ್ರಾಣಿ ಹೊಗೆ, ಕಂಬಳಿ. ಸೂಲಗಿತ್ತಿ ಬೈರಮ್ಮ ನೀರು ಹಾಕಲು ಬಂದು ನೋಡಿದರೆ ಒಲೆಯಲ್ಲಿ ಬೂದಿಯೂ ಇರಲಿಲ್ಲ.

"ತಣ್ಣೀರೇ ಹುಯ್ಯಿ. ಮೈ ಗಟ್ಟಿಯಾಯ್ತದೆ" ಎಂದರು ಅಪ್ಪಯ್ಯಣ್ಣನವರು.

"ಹಸೀ ಮೈ ಕಣ್ ಸ್ವಾಮಿ. ಈ ಪಾಪ ನನ್ ಕೈಲಾಗಾಕಿಲ್ಲ" ಎಂದು ಬೈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಹೋದಳು.

ಬಾಣಂತಿಯ ವಿಷಯದಲ್ಲಿ ಹುಡುಗಾಟ ಬೇಡಿ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಬೆರಳು ಮೇಲೆದ್ದಿತು. ಕಡೆಗೆ ಮುನಿಲಕ್ಷ್ಮಮ್ಮನವರೇ, ಗಂಡನ ಮಾತು ಮೀರಿ ಬದುಕಿ ಗೊತ್ತಿಲ್ಲದ ಹೆಂಗಸು, ಹೆತ್ತ ಮಗಳ ಹಸಿಮೈಗೆ ಆ ಮಂಜುನೀರನ್ನು ಹೊಯ್ದರು. ಸಂಜೆಗೆ ಹುಡುಗಿಗೆ ಚಳಿ ಹಿಡಿಯಿತು. ಜ್ವರ ಏರಿ, ಹಲ್ಲು ಕಟಕಟ ಕಡಿಯುತ್ತ, ಪಕ್ಕದಲ್ಲಿ ಅಳುತ್ತಿದ್ದ ತನ್ನ ಕೂಸನ್ನು ಯಾರದೆಂದು ಕೇಳತೊಡಗಿದಳು. ಬಾಣಂತಿ ಸನ್ನಿ ಎಂಬ ಮಾತು ಎಲ್ಲರ ಮನಸ್ಸಿನಲ್ಲಿತ್ತು, ಬಾಯಿಬಿಟ್ಟು ಆಡಲು ಯಾರಿಗೂ ಧೈರ್ಯವಿರಲಿಲ್ಲ.

ಮಾರನೆಯ ಬೆಳಗ್ಗೆ, ಒಳಗೆ ಮಗಳು ನರಳುತ್ತಿರುವಾಗ, ಮಹಾನುಭಾವರು ಹಿತ್ತಲಲ್ಲಿ ಹಂಡೆಯ ಪಕ್ಕಕ್ಕೆ ಚಾಪೆ ಹಾಸಿ ಪದ್ಮಾಸನದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಮುನಿಲಕ್ಷ್ಮಮ್ಮನವರು ಬಂದರು. ಏನೂ ಕೇಳಲಿಲ್ಲ. ಎರಡೂ ಕೈ ಕೊಟ್ಟು ಹಂಡೆಯನ್ನು ಉರುಳಿಸಿದರು. ಅಷ್ಟೂ ನೀರು ಚಾಪೆಯ ಅಡಿಗೆ ನುಗ್ಗಿ, ಅಪ್ಪಯ್ಯಣ್ಣನವರು ಹಿಡಿದ ಉಸಿರನ್ನೆಲ್ಲ ಒಂದೇ ಕೂಗಿನಲ್ಲಿ ಬಿಟ್ಟು ಎದ್ದು ನಿಂತರು.

"ಲೇ, ಏನೇ ಇದು? ತಲೆಗಿಲೆ ಕೆಟ್ಟೈತಾ?"

"ನಿಮ್ ಉಸ್ರು ನೀವು ಹಿಡ್ಕಳಿ. ನನ್ ಮಗಳ ಉಸ್ರು ನಾನು ನೋಡ್ಕತೀನಿ."

ಧ್ವನಿ ಏರಿಸದೆ ಅಷ್ಟು ಹೇಳಿ ಆಕೆ ಖಾಲಿ ಹಂಡೆಯನ್ನು ಬಚ್ಚಲಿಗೆ ಎಳೆದುಕೊಂಡು ಹೋದರು. ನಾನು ಹೋಗಿ ಬೈರಮ್ಮನನ್ನು ಕರೆತಂದೆ. ಒಲೆ ಹತ್ತಿತು. ಮೊದಲು ಶಾಖ, ಮೆಣಸು ಶುಂಠಿಯ ಕಷಾಯ, ಜ್ವರ ಇಳಿದ ಮೇಲೆ ಸುಡುಸುಡುವ ನೀರು. ಹಲವು ದಿನ ಆ ಇಬ್ಬರು ಹೆಂಗಸರು ಕಣ್ಣಿಗೆ ಕಣ್ಣು ಹಚ್ಚಲಿಲ್ಲ. ಕಡೆಗೊಂದು ದಿನ ಅಂಜಿನಮ್ಮ ಕೈಚಾಚಿ ಕೂಸನ್ನು ಕೇಳಿ ಇಸಿದುಕೊಂಡಳು.

ಆಮೇಲಿನದನ್ನು ಕೇಳಿ. ಅದೇ ವಾರ ಅರಳೀಕಟ್ಟೆಯ ಮೇಲೆ ಅಪ್ಪಯ್ಯಣ್ಣನವರು ಎದೆಯುಬ್ಬಿಸಿ ಹೇಳುತ್ತಿದ್ದುದನ್ನು ನಾನು ನನ್ನ ಈ ಕಿವಿಯಿಂದಲೇ ಕೇಳಿದೆ. "ಮೊದ್ಲ ದಿನ ತಣ್ಣೀರು ಬಿದ್ದಿತ್ತಲ್ಲ, ಅದ್ಕೇ ನನ್ ಮಗಳು ಆ ಜ್ವರ ತಡ್ಕಂಡ್ಳು." ಕಟ್ಟೆಯ ಮೇಲಿದ್ದವರು ಹೌದು ಹೌದೆಂದು ತಲೆದೂಗಿದರು. ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ಅವರು ದುಷ್ಟರಲ್ಲ. ದುಷ್ಟರಾಗಿದ್ದರೆ ಮನೆಯವರು ಮೊದಲೇ ಎಚ್ಚರವಾಗಿರುತ್ತಿದ್ದರು. ತನ್ನ ಮೈಯನ್ನು ಗೆದ್ದೆನೆಂದುಕೊಂಡವನಿಗೆ ಹೆಂಡತಿ ಮಕ್ಕಳ ಮೈಯೂ ತನ್ನ ಜಹಗೀರೆಂದೇ ತೋರುತ್ತದೆ. ಅವನ ಸಾಧನೆಯ ಚಳಿಗೆ ಬೇರೆಯವರು ನಡುಗುತ್ತಾರೆ, ಪುಣ್ಯ ಮಾತ್ರ ಅವನ ಲೆಕ್ಕಕ್ಕೆ ಬೀಳುತ್ತದೆ. ತಪಸ್ಸು ಮಾಡುವವನು ಕಾಡಿಗೆ ಹೋಗಬೇಕೆಂದು ಹಿಂದಿನವರು ಕಟ್ಟುಮಾಡಿದ್ದು ಅವನ ಏಕಾಂತಕ್ಕಾಗಿ ಎಂದು ಬಲ್ಲವರು ಹೇಳುತ್ತಾರೆ. ನಾನು ನಂಬುವುದಿಲ್ಲ. ಮನೆಯಲ್ಲಿ ಉಳಿದವರು ಬದುಕಿಕೊಳ್ಳಲೆಂದೇ ಅವನನ್ನು ಕಾಡಿಗೆ ಅಟ್ಟಿರಬೇಕು.