ಸಾಹೇಬನ ಏಟಿನ ಪುಸ್ತಕ

ಆ ಬಾಗಿಲಿನ ಮೈತುಂಬ ಚಾಟಿಯ ಬರೆಗಳಿದ್ದವು. ಗಟ್ಟಿ ಸಾಗವಾನಿಯ ಬಾಗಿಲು. ಆದರೂ ವರ್ಷ ವರ್ಷದ ಹೊಡೆತಕ್ಕೆ ಅದರ ನಡುಭಾಗ ಸವೆದು ಹೋಗಿತ್ತು. ಹೊಸ ಹತ್ತಿ ಹೇರಿದ ಗಾಡಿಗಳು ಪೇಟೆಗೆ ಹೊರಡುವ ದಿನ ನಮ್ಮೂರಿನ ಪ್ರತಿಯೊಬ್ಬ ಗಾಡಿಯವನೂ ಆ ಮನೆಯ ಮುಂದೆ ಎತ್ತು ನಿಲ್ಲಿಸಿ, ಬಾಗಿಲಿಗೊಂದು ಚಾಟಿ ಬೀಸಿ ಮುಂದೆ ಹೋಗಬೇಕು. ಸಾಲಿನಲ್ಲಿ ಮೊದಲ ಗಾಡಿ ನಮ್ಮ ಮನೆಯದು.

ಆ ಮನೆಯ ಚೆನ್ನವೀರ ಎಂಬವನು ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಹ್ಯಾಸ್ಕೆಲ್ ಸಾಹೇಬನನ್ನು ಕೊಂದನಂತೆ. ಸಾಹೇಬ ಅಮೆರಿಕದವನು. ನಮ್ಮವರಿಗೆ ಹತ್ತಿ ಬೆಳೆಯುವುದನ್ನು ಕಲಿಸಲೆಂದು ಆಗಿನ ಸರಕಾರ ಅವನನ್ನು ಕರೆಸಿ, ಊರ ಮುಂದಿನ ಎರೆಹೊಲವನ್ನೆಲ್ಲ ಬರೆದುಕೊಟ್ಟಿತ್ತು. ತಲೆತಲಾಂತರದಿಂದ ಹತ್ತಿ ಬೆಳೆದವರಿಗೆ ಹತ್ತಿಯ ಪಾಠ. ಮೀನಿಗೆ ಈಜು ಕಲಿಸಿದ ಹಾಗೆ! ಅವನು ಸತ್ತದ್ದಕ್ಕೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಹನ್ನೊಂದು ಜನ ಬೆಂದುಹೋದರು. ದಂಡಿನ ಮೇಲೆ ಚಾಟಿ ಎತ್ತುವ ಎದೆ ಯಾರಿಗಿತ್ತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಊರಿನ ಸಿಟ್ಟಿಗೆ ಆ ಬಾಗಿಲು ಸಿಕ್ಕಿತು.

ನಾನು ಗಾಡಿ ಬಿಟ್ಟು ಕಚೇರಿಯ ಹಳೆಯ ಕಾಗದಪತ್ರಗಳ ದಫ್ತರಖಾನೆಯಲ್ಲಿ ನಕಲುಗಾರನಾಗಿದ್ದೆ. ಒಂದು ಮಧ್ಯಾಹ್ನ ಆ ಮನೆಯ ಫಕೀರವ್ವ ಬಂದು ನನ್ನ ಮೇಜಿನ ಮುಂದೆ ನಿಂತಳು. ಅವಳಿಗೆ ಎಡಗಣ್ಣಿರಲಿಲ್ಲ.

"ಆ ಸಾಹೇಬನ ಬಾಳೇವು ಹೆಂಗಿತ್ತು, ಹುಡುಕಿ ಹೇಳು," ಎಂದಳು. "ಚೆನ್ನವೀರಜ್ಜ ಕೊಂದಿಲ್ಲ ಅಂತ ನಮ್ಮ ಮನ್ಯಾಗ ಹೇಳತಾರ. ಕಾಗದದಾಗ ಏನೈತಿ ನೋಡು."

"ಇಷ್ಟು ವರ್ಷದ ಮ್ಯಾಲೆ ಅದನ್ಯಾಕ ಕೆದಕತಿ?"

"ನಮ್ಮಣ್ಣನ ಮಗಳು ಈಗ ಬಾಗಿಲ ತನಕ ಬರಾಕ ಕಲ್ತಾಳ. ನನ್ನ ಕಣ್ಣು ಹೋದಾಗ ನನಗ ಆರು ವರ್ಷ. ಬಾಗಿಲ ಸಂದ್ಯಾಗಿಂದ ಗಾಡಿ ನೋಡಾಕ ನಿಂತಿದ್ದೆ. ಚಾಟಿ ತುದಿ ಕಣ್ಣಾಗ ಹೊಕ್ತು. ಆ ಕೂಸಿಗೂ ಹಂಗ ಆಗಬಾರದು."

ಯಾರ ಗಾಡಿ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದೇ ಬಾಕಿ ಉಳಿದಿತ್ತು.

ಮೂರು ತಿಂಗಳು ಹುಡುಕಿದೆ. ಮೊದಲು ಸಾಹೇಬನಿಗೆ ಜಮೀನು ಬರೆದುಕೊಟ್ಟ ಸನ್ನದು ಸಿಕ್ಕಿತು, ಆಮೇಲೆ ಯಂತ್ರ ತರಿಸಿಕೊಡಿ ಎಂದು ಅವನು ಬರೆದ ಅರ್ಜಿಗಳು. ಆಗೆಲ್ಲ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ಸಾಹೇಬ ಗರಗಸದ ಹಲ್ಲಿನ ಯಂತ್ರ ತಂದ. ಮನೆಯಲ್ಲಿ ಸರಳು ಸಿಕ್ಕರೆ ಏಟು ಎಂದು ಡಂಗುರ ಹೊಡೆಸಿದ. ಕೊನೆಗೆ ಒಂದು ಗಂಟಿನ ತಳದಲ್ಲಿ ಅವನ ಏಟಿನ ಪುಸ್ತಕವೇ ಸಿಕ್ಕಿತು. ಹೆಸರು, ತಪ್ಪು, ಎಷ್ಟು ಏಟು, ಎಲ್ಲ ಮುದ್ದಾದ ಅಕ್ಷರದಲ್ಲಿ. ಈರಪ್ಪ, ತಡವಾಗಿ ಬಂದದ್ದಕ್ಕೆ, ಮೂವತ್ತು. ಬಸಲಿಂಗ, ಎದುರು ನೋಡಿದ್ದಕ್ಕೆ, ನಲವತ್ತು. ಮೂವತ್ತೆರಡಕ್ಕೆ ಸತ್ತ, ಉಳಿದ ಎಂಟನ್ನೂ ಹೊಡೆಸಲಾಯಿತು. ಅದರ ಕೆಳಗೇ, ಈ ದಿನ ಮಳೆ ಹದವಾಗಿ ಬಂತು ಎಂದು ಬರೆದಿದ್ದ.

ಕಡೆಯ ಹಾಳೆಯಲ್ಲಿ ಹೀಗಿತ್ತು: ಚೆನ್ನವೀರನ ಮಗಳ ಬಲಗೈ ಯಂತ್ರಕ್ಕೆ ಸಿಕ್ಕಿತು. ರಕ್ತ ಬಿದ್ದು ಒಂದು ಹೇರು ಹತ್ತಿ ಹಾಳು. ತಾಯಿಗೆ ಇಪ್ಪತ್ತು ಏಟು, ನಾಳೆ.

ಆ ನಾಳೆ ಅವನಿಗೆ ಬರಲಿಲ್ಲ.

ಮರುವಾರ ಕೊಲೆಯ ತಪ್ಪೊಪ್ಪಿಗೆ ಸಿಕ್ಕಿತು. 'ಸರಳಿನಿಂದ ಹೊಡೆದೆ. ತಲೆ ಒಡೆಯಿತು. ಬಿದ್ದ ಮೇಲೂ ಹೊಡೆದೆ. ಮುಖ ಗುರುತು ಸಿಗದ ಹಾಗಾಗುವ ತನಕ ಹೊಡೆದೆ.' ಮೇಲೆ ಚೆನ್ನವೀರನ ಹೆಸರು. ಆದರೆ ಓದು ಬರಹ ಬಾರದವರು ಆಗ ಸಹಿಯ ಬದಲು ಗುರುತು ಬರೆಯುತ್ತಿದ್ದರು. ಒಕ್ಕಲಿಗನಾದರೆ ನೇಗಿಲು, ಹೆಂಗಸಾದರೆ ಬಳೆ. ಈ ಕಾಗದದ ಕೆಳಗೆ ಇದ್ದದ್ದು ಬಳೆ. ಹಾಳೆಯನ್ನು ಬೆಳಕಿಗೆ ಹಿಡಿದೆ. ಹೆಸರಿದ್ದ ಜಾಗವನ್ನು ಕೆರೆದು ತೆಳುವಾಗಿಸಿದ್ದರು. ಅಡಿಯಲ್ಲಿ 'ದ್ಯಾಮವ್ವ' ಎಂಬುದು ಇನ್ನೂ ಮಾಸಿರಲಿಲ್ಲ. ಅವಳು ಚೆನ್ನವೀರನ ಹೆಂಡತಿ. ಹೇಳಿಕೆ ಕೊಟ್ಟು ಗುರುತು ಹಾಕಿದ್ದಳು. ಆಮೇಲೆ ಗಂಡ ಬಂದು, ನಾನೇ ಕೊಂದೆ ಎಂದಿರಬೇಕು. ಗುಮಾಸ್ತ ಮಹಾಶಯ ಎರಡನೆಯ ಸಲ ಬರೆಯುವ ಬೇಸರಕ್ಕೆ ಹೆಸರನ್ನಷ್ಟೇ ಕೆರೆದು ತಿದ್ದಿ, ಬಳೆಯನ್ನು ಮರೆತಿದ್ದ. ಚೆನ್ನವೀರನನ್ನು ಗಲ್ಲಿಗೆ ಹಾಕಿದರು.

ನಕಲು ಮಾಡಿಕೊಂಡು ಹೋಗಿ ಫಕೀರವ್ವನಿಗೆ ಎಲ್ಲವನ್ನೂ ಓದಿ ಹೇಳಿದೆ.

"ಅಂದ್ರ ಕೊಂದಾಕಿ ನಮ್ಮ ದ್ಯಾಮವ್ವಜ್ಜಿ," ಎಂದಳು.

"ಹೌದು. ಇದನ್ನ ಮುಚ್ಚಿಡೂದು ಚಲೋ. ಮನಿ ಮ್ಯಾಲಿನ ಕಳಂಕ ಹೆಂಗೂ ಹೋಗೂದಿಲ್ಲ."

"ಕಳಂಕ ಯಾತರದು? ನಾ ಇದ್ರ ನಾನೂ ಹೊಡೀತಿದ್ದೆ. ಆ ಏಟಿನ ಪುಸ್ತಕ ಮತ್ತೊಮ್ಮೆ ಓದು."

ಮತ್ತೊಮ್ಮೆ ಓದಿದೆ, ಮಗುದೊಮ್ಮೆ ಓದಿದೆ. ಒಂದೊಂದು ಹೆಸರನ್ನೂ ಅವಳು ಬಾಯಿಪಾಠ ಮಾಡಿಕೊಂಡಳು. ಆಗ ನನಗೆ ತಡೆಯಲಾಗಲಿಲ್ಲ.

"ಫಕೀರವ್ವಾ, ಆವತ್ತಿನ ಗಾಡಿ..."

"ಗೊತ್ತೈತಿ. ಇನ್ನೊಂದು ಕಣ್ಣು ಇತ್ತಲ್ಲ, ಅದು ನೋಡಿತ್ತು. ಅದಕ್ಕ ನಿನ್ನ ಕಡಿಂದನ ಹುಡುಕಿಸಿದೆ. ಬ್ಯಾರೆಯವರಾಗಿದ್ರ ಅರ್ಧಕ್ಕ ಬಿಡತಿದ್ರು."

ನನಗಾಗ ಹದಿನಾರು. ಚಾಟಿ ಕೈಗೆ ಬಂದ ಮೊದಲ ವರ್ಷ. "ಗಂಡಸಿನಂಗ ಬೀಸು," ಎಂದಿದ್ದ ಅಪ್ಪ. ಬಾಗಿಲ ಸಂದಿಯಲ್ಲಿ ಕಣ್ಣು ಕಂಡಿತ್ತು. ಕಂಡೂ ಬೀಸಿದೆ. ಅದೊಂದನ್ನು ಅವಳಿಗೆ ಹೇಳಲು ನನ್ನ ಬಾಯಿಂದ ಆಗಲಿಲ್ಲ, ಇಂದಿಗೂ ಆಗಿಲ್ಲ.

ಆ ವರ್ಷ ಗಾಡಿ ಹೊರಡುವ ದಿನ ನಾನು ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಮೊದಲ ಗಾಡಿಯ ಮೇಲೆ ನನ್ನಣ್ಣ.

"ಬಾಜೂಕ ಸರಿ," ಎಂದ.

"ಸರಿಯೂದಿಲ್ಲ. ಹೊಡೀ ಬೇಕಾದ್ರ."

ಹೊಡೆದ. ಅವನ ಹಿಂದಿನವನೂ ಹೊಡೆದ, "ಮಾಡಿದ್ದುಣ್ಣೋ ಮಹಾರಾಯಾ," ಎಂದು ನಕ್ಕು. ನಾಲ್ಕನೆಯದಕ್ಕೆ ಅಂಗಿ ಹರಿಯಿತು. ಆರನೆಯದು ಕಿವಿಯನ್ನು ಸೀಳಿ ಬಾಯಿಗೆಲ್ಲ ರಕ್ತ ಬಂತು. ಏಳನೆಯದಕ್ಕೆ ನಾನು ನೆಲಕ್ಕೆ ಬಿದ್ದೆ. ಬಿದ್ದವನ ಹಿಂದೆ ಬಾಗಿಲು ತೆರೆಯಿತು. ಫಕೀರವ್ವ ನನ್ನನ್ನು ದಾಟಿ ಬಂದು ಎಂಟನೆಯ ಗಾಡಿಯ ನೊಗ ಹಿಡಿದಳು. ಮೇಲೆ ಮುದುಕಪ್ಪ ಚಾಟಿ ಎತ್ತಿದ್ದ.

"ಮುದುಕಪ್ಪಾ, ನಿಮ್ಮ ಮುತ್ತಜ್ಜ ಈರಪ್ಪ. ತಡಾ ಮಾಡಿ ಬಂದಿದ್ದಕ್ಕ ಸಾಹೇಬ ಮೂವತ್ತು ಹೊಡಿಸಿದ." ಹಿಂದಿನ ಗಾಡಿಯತ್ತ ಕತ್ತು ಹೊರಳಿಸಿದಳು. "ಶಿವಬಸಣ್ಣಾ, ನಿಮ್ಮ ಬಸಲಿಂಗಜ್ಜಗ ನಲವತ್ತು. ಮೂವತ್ತೆರಡಕ್ಕ ಜೀವ ಹೋತು. ಉಳಿದ ಎಂಟು ಹೆಣಕ್ಕ ಹೊಡದ್ರು."

ಸಾಲಿನುದ್ದಕ್ಕೂ ಹೇಳುತ್ತ ಹೋದಳು. ಒಂದು ಹೆಸರೂ ತಪ್ಪಲಿಲ್ಲ. ಕೊನೆಗೆ ತಿರುಗಿ ಬಂದಳು.

"ಅವನ್ನ ಕೊಂದಾಕಿ ನಮ್ಮಜ್ಜಿ, ದ್ಯಾಮವ್ವ. ಈಗ ಬೀಸ್ರಿ, ಯಾರು ಬೀಸತೀರಿ."

ಮುದುಕಪ್ಪ ಚಾಟಿಯನ್ನು ಹತ್ತಿಯ ಮೇಲಿಟ್ಟು ಗಾಡಿಯಿಂದಿಳಿದ. ನನ್ನ ಮುಖ ನೋಡದೆ, ರಕ್ತ ಬಿದ್ದ ಜಾಗ ಬಿಟ್ಟು, ಮನೆಯ ಕಟ್ಟೆಯ ಮೇಲೆ ಕುಳಿತ.

"ಒಂದು ತಂಬಿಗಿ ನೀರು ಕೊಡವ್ವಾ," ಎಂದ.

ಆ ಮನೆಯಲ್ಲಿ ನೀರು ಕೇಳಿದ ಮೊದಲ ಗಾಡಿಯವನು ಅವನೇ. ಫಕೀರವ್ವ ಒಳಗೆ ಹೋದಳು. ಬೀದಿಯಲ್ಲಿ ನಿಂತ ಅಷ್ಟೂ ಜನಕ್ಕೆ, ಒಳಗೆ ಕೊಡದಿಂದ ತಂಬಿಗೆಗೆ ನೀರು ಬಗ್ಗಿಸುವ ಸಪ್ಪಳ ಕೇಳಿಸಿತು.